ಡೌನ್, ಅಪ್, ಅನ್‌ನೋನ್: ಲಿನಕ್ಸ್‌ನಲ್ಲಿ ಹೊಸ ನೆಟ್‌ವರ್ಕ್ ಇಂಟರ್‌ಫೇಸ್‌ನ ಲಿಂಕ್ ಸ್ಥಿತಿ ತಪ್ಪಾಗಿ ಕಂಡಾಗ

ಸರ್ವರ್‌ಗೆ ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿದಾಗ, ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಅಡಾಪ್ಟರ್ ಚುಚ್ಚಿದಾಗ, ವರ್ಚುವಲ್ ಮೆಷಿನ್‌ಗೆ ಇನ್ನೊಂದು ಇಂಟರ್‌ಫೇಸ್ ಸೇರಿಸಿದಾಗ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೇಬಲ್ ಇದೆ, ಪೋರ್ಟ್‌ನ ದೀಪವೂ ಉರಿಯುತ್ತಿದೆ, ಆದರೆ ಸಿಸ್ಟಮ್ ‘ಡೌನ್’ ಅನ್ನುತ್ತದೆ. ಇಲ್ಲವೇ ಕೇಬಲ್ ಕಿತ್ತುಹಾಕಿದರೂ ‘ಅಪ್’ ಅಂತಲೇ ತೋರಿಸುತ್ತದೆ. ಇಲ್ಲವೇ ‘ಅನ್‌ನೋನ್’ ಎಂದಿರುತ್ತದೆ. ಡೇಟಾ ಆರಾಮಾಗಿ ಓಡಾಡುತ್ತಿರುತ್ತದೆ, ಮಾನಿಟರಿಂಗ್ ಸ್ಕ್ರಿಪ್ಟ್ ಮಾತ್ರ ರಾತ್ರಿಯಿಡೀ ಅಲಾರಂ ಹೊಡೆಯುತ್ತದೆ.

ಮೂರಕ್ಕೂ ಬೇರು ಒಂದೇ. ‘ಲಿಂಕ್ ಇದೆಯಾ?’ ಅನ್ನುವುದು ನಮಗೆ ಒಂದು ಪ್ರಶ್ನೆ. ಆಪರೇಟಿಂಗ್ ಸಿಸ್ಟಮ್‌ಗೆ ಅದು ನಾಲ್ಕೈದು ಬೇರೆ ಬೇರೆ ಪ್ರಶ್ನೆ, ಒಂದೊಂದಕ್ಕೂ ಉತ್ತರ ಕೊಡುವವರು ಬೇರೆ. ಕೆಳಗೆ ಕಾರ್ಡ್‌ನ ಚಿಪ್, ಅದರ ಮೇಲೆ ಆ ಚಿಪ್ಪನ್ನು ನಡೆಸುವ ಡ್ರೈವರ್, ಅದರ ಮೇಲೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್, ಕೊನೆಗೆ ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಂ. ದೋಷ ಹುಡುಕುವುದು ಅಂದರೆ ಈ ಸಾಲಿನಲ್ಲಿ ಉತ್ತರ ಮೊದಲು ತಪ್ಪಿದ್ದು ಯಾರ ಹತ್ತಿರ ಎಂದು ಗೊತ್ತುಮಾಡಿಕೊಳ್ಳುವುದು. ಕೇಬಲ್ ಬದಲಿಸುವುದು, ರೀಬೂಟ್ ಮಾಡುವುದು ಎಲ್ಲ ಆಮೇಲೆ.

ಮೊದಲು ಕೋನ ಬ್ರಾಕೆಟ್ ಒಳಗೆ ನೋಡಿ

‘ಐಪಿ ಲಿಂಕ್’ ಕಮಾಂಡ್ ಕೊಟ್ಟಾಗ ಹೆಚ್ಚಿನವರ ಕಣ್ಣು ನೇರವಾಗಿ ‘ಸ್ಟೇಟ್’ ಎಂಬ ಪದದ ಮುಂದೆ ಏನಿದೆ ಅಂತ ಹೋಗುತ್ತದೆ. ಅಲ್ಲಿ ‘ಡೌನ್’ ಅಂತಿದ್ದರೆ ಕೇಬಲ್ ಹೋಗಿದೆ ಅಂದುಕೊಳ್ಳುತ್ತಾರೆ. ಅಷ್ಟು ಸಾಲದು. ಅದೇ ಸಾಲಿನಲ್ಲಿ ಇಂಟರ್‌ಫೇಸ್ ಹೆಸರಿನ ಪಕ್ಕದಲ್ಲೇ ಕೋನ ಬ್ರಾಕೆಟ್ ಒಳಗೆ ಫ್ಲ್ಯಾಗ್‌ಗಳ, ಅಂದರೆ ಸ್ಥಿತಿ ಸೂಚಿಸುವ ಗುರುತುಗಳ, ಪಟ್ಟಿ ಇರುತ್ತದೆ. ನಿಜವಾದ ಮಾಹಿತಿ ಅಲ್ಲಿದೆ.

ಅಲ್ಲಿ ‘ಅಪ್’ ಇದ್ದರೆ ನೀವು, ಅಥವಾ ಯಾವುದೋ ಪ್ರೋಗ್ರಾಂ, ಆ ಇಂಟರ್‌ಫೇಸನ್ನು ಚಾಲೂ ಮಾಡಿದ್ದೀರಿ ಎಂದು ಮಾತ್ರ ಅರ್ಥ. ಕೇಬಲ್‌ಗೂ ಅದಕ್ಕೂ ಸಂಬಂಧ ಇಲ್ಲ. ‘ಲೋಯರ್ ಅಪ್’ ಇದ್ದರೆ ಕೆಳಗಿನ ಪದರದಲ್ಲಿ ಸಿಗ್ನಲ್ ಇದೆ ಎಂದು ಡ್ರೈವರ್ ಹೇಳಿದೆ, ಅಥವಾ ಇಲ್ಲ ಎಂದು ಹೇಳಿಲ್ಲ. ಈ ಎರಡನೆಯ ಸಾಧ್ಯತೆಯನ್ನು ನೆನಪಿಡಿ, ಮುಂದೆ ಅದೇ ಮುಖ್ಯವಾಗುತ್ತದೆ. ಕ್ಯಾರಿಯರ್ ಅಂದರೆ ಈ ಕೆಳಗಿನ ಪದರದ ಸಿಗ್ನಲ್. ‘ನೋ ಕ್ಯಾರಿಯರ್’ ಇದ್ದರೆ ಇಂಟರ್‌ಫೇಸ್ ಚಾಲೂ ಇದೆ, ಆದರೆ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ. ಇದು ಕರ್ನಲ್‌ನ ಫ್ಲ್ಯಾಗ್ ಅಲ್ಲ. ‘ಅಪ್’ ಇದ್ದು, ಕೆಲಸಕ್ಕೆ ಸಿದ್ಧ ಎಂದು ಹೇಳುವ ಕರ್ನಲ್‌ನ ‘ರನ್ನಿಂಗ್’ ಫ್ಲ್ಯಾಗ್ ಇಲ್ಲದಿದ್ದಾಗ ಐಪಿ ಕಮಾಂಡೇ ಬರೆದುಕೊಡುವ ಪದ.

ಈಗ ಮುಖ್ಯವಾದ ವಿಷಯ. ಇಂಟರ್‌ಫೇಸನ್ನು ಇನ್ನೂ ಚಾಲೂ ಮಾಡದಿದ್ದರೆ ಕರ್ನಲ್ ಅದರ ಸ್ಥಿತಿಯನ್ನು ‘ಡೌನ್’ ಅಂತಲೇ ಹೇಳುತ್ತದೆ. ಒಳಗೆ ಏನೇ ಬರೆದಿಟ್ಟುಕೊಂಡಿರಲಿ, ಹೊರಗೆ ತೋರಿಸುವುದು ‘ಡೌನ್’. ಹಾಗಾಗಿ ಬ್ರಾಕೆಟ್ ಒಳಗೆ ‘ಅಪ್’ ಇಲ್ಲದೆ ಸ್ಥಿತಿ ‘ಡೌನ್’ ಇದ್ದರೆ ಕೇಬಲ್ ಬಗ್ಗೆ ನಿಮಗೆ ಏನೂ ಗೊತ್ತಾಗಿಲ್ಲ. ಬಹಳಷ್ಟು ಡ್ರೈವರ್‌ಗಳು ಇಂಟರ್‌ಫೇಸ್ ಚಾಲೂ ಆಗುವವರೆಗೆ ಚಿಪ್ಪನ್ನೇ ಎಬ್ಬಿಸುವುದಿಲ್ಲ. ‘ಐಪಿ ಲಿಂಕ್ ಸೆಟ್’ ಕೊಟ್ಟು, ಇಂಟರ್‌ಫೇಸ್ ಹೆಸರು ಹಾಕಿ, ಕೊನೆಗೆ ‘ಅಪ್’ ಅಂತ ಬರೆದು ಚಾಲೂ ಮಾಡಿ. ಆಮೇಲೆ ನೋಡಿ.

ಚಾಲೂ ಮಾಡಿದ ತಕ್ಷಣ ನೋಡಬೇಡಿ, ಸ್ವಲ್ಪ ತಾಳಿ. ತಾಮ್ರದ ಗಿಗಾಬಿಟ್ ಪೋರ್ಟ್‌ನಲ್ಲಿ ಎರಡೂ ತುದಿಗಳು ವೇಗದ ಬಗ್ಗೆ ಮಾತಾಡಿಕೊಂಡು ಒಪ್ಪಂದಕ್ಕೆ ಬರಲು ಒಂದೆರಡು ಸೆಕೆಂಡ್ ಬೇಕು. ಸ್ಕ್ರಿಪ್ಟ್‌ನಲ್ಲಿ ಒಂದು ಸಾಲಿನಲ್ಲಿ ಚಾಲೂ ಮಾಡಿ ಮುಂದಿನ ಸಾಲಿನಲ್ಲೇ ಸ್ಥಿತಿ ಓದಿದರೆ ‘ನೋ ಕ್ಯಾರಿಯರ್’ ಬರದೆ ಇನ್ನೇನು ಬಂದೀತು? ಹೊಸ ಕಾರ್ಡ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಇಂಥವೂ ಇರುತ್ತವೆ.

ಕ್ಯಾರಿಯರ್ ಫೈಲ್ ಏನು ಹೇಳುತ್ತದೆ

‘ಸಿಸ್’ ಡೈರೆಕ್ಟರಿಯಲ್ಲಿ ‘ಕ್ಲಾಸ್’, ಅದರೊಳಗೆ ‘ನೆಟ್’, ಅದರೊಳಗೆ ಪ್ರತಿ ಇಂಟರ್‌ಫೇಸ್‌ಗೂ ಒಂದು ಫೋಲ್ಡರ್ ಇದೆ. ಅಲ್ಲಿ ‘ಕ್ಯಾರಿಯರ್’ ಎಂಬ ಫೈಲ್ ಓದಿ. 1 ಬಂದರೆ ಸಿಗ್ನಲ್ ಇದೆ, 0 ಬಂದರೆ ಇಲ್ಲ. ಎರಡೂ ಬರದೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂಬ ತಪ್ಪು ಬಂದರೆ? ಹೆದರಬೇಕಾಗಿಲ್ಲ, ಇಂಟರ್‌ಫೇಸ್ ಚಾಲೂ ಇಲ್ಲ ಅಷ್ಟೇ. ಚಾಲೂ ಇಲ್ಲದಾಗ ಈ ಫೈಲ್ ಓದಲು ಕರ್ನಲ್ ಬಿಡುವುದಿಲ್ಲ. ನನಗೆ ಇದು ಒಳ್ಳೆಯ ನಡವಳಿಕೆ ಅನ್ನಿಸುತ್ತದೆ. ಗೊತ್ತಿಲ್ಲದ್ದಕ್ಕೆ 0 ಅಂತ ಸುಳ್ಳು ಹೇಳುವುದಕ್ಕಿಂತ ತಪ್ಪು ತೋರಿಸುವುದು ಎಷ್ಟೋ ವಾಸಿ. ಆದರೆ ಎಷ್ಟೋ ಸ್ಕ್ರಿಪ್ಟ್‌ಗಳು ಆ ತಪ್ಪನ್ನು ನುಂಗಿಕೊಂಡು ಖಾಲಿ ಉತ್ತರವನ್ನು 0 ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ನಿಮ್ಮ ಸ್ಕ್ರಿಪ್ಟ್ ಹಾಗೆ ಮಾಡುತ್ತದೆಯೇ ನೋಡಿಕೊಳ್ಳಿ.

ಅದೇ ಫೋಲ್ಡರ್‌ನಲ್ಲಿ ‘ಆಪರ್‌ಸ್ಟೇಟ್’ ಎಂಬ ಫೈಲ್ ಇದೆ, ‘ಸ್ಟೇಟ್’ ಪದದ ಮುಂದೆ ಕಾಣುವುದು ಅದೇ. ಇನ್ನೊಂದು ‘ಕ್ಯಾರಿಯರ್ ಚೇಂಜಸ್’. ಸಿಗ್ನಲ್ ಎಷ್ಟು ಸಲ ಬಂದು ಹೋಗಿದೆ ಎಂಬ ಎಣಿಕೆ ಅದರಲ್ಲಿರುತ್ತದೆ. ಈಚಿನ ಕರ್ನಲ್‌ಗಳಲ್ಲಿ ಬಂದದ್ದಕ್ಕೆ ಬೇರೆ, ಹೋದದ್ದಕ್ಕೆ ಬೇರೆ ಎಣಿಕೆಯೂ ಇದೆ. ಈ ಎಣಿಕೆಗೆ ಆಮೇಲೆ ಮತ್ತೆ ಬರುತ್ತೇನೆ.

ಇಂಟರ್‌ಫೇಸ್ ಹುಟ್ಟಿದ ಕ್ಷಣ

ಹೊಸ ಇಂಟರ್‌ಫೇಸ್‌ಗಳ ವಿಚಿತ್ರ ನಡವಳಿಕೆಯೆಲ್ಲ ಅರ್ಥವಾಗಬೇಕಾದರೆ ಈ ಒಂದು ಕ್ಷಣ ಅರ್ಥವಾಗಬೇಕು.

ಕರ್ನಲ್ ಒಳಗೆ ಪ್ರತಿ ಇಂಟರ್‌ಫೇಸ್‌ಗೂ ಒಂದು ಬಿಟ್ ಇದೆ. ಅದು ‘ಕ್ಯಾರಿಯರ್ ಇದೆ’ ಎಂದು ಹೇಳುವ ಬಿಟ್ ಅಲ್ಲ, ‘ಕ್ಯಾರಿಯರ್ ಇಲ್ಲ’ ಎಂದು ಹೇಳುವ ಬಿಟ್. ಈ ತಿರುವುಮುರುವು ಹಳೆಯ ಕಾಲದಿಂದ ಹಾಗೇ ಉಳಿದುಕೊಂಡಿದೆ. ಹೊಸ ಇಂಟರ್‌ಫೇಸ್ ಹುಟ್ಟುವಾಗ ಎಲ್ಲ ಬಿಟ್‌ಗಳೂ ಸೊನ್ನೆ. ಅಂದರೆ ‘ಕ್ಯಾರಿಯರ್ ಇಲ್ಲ’ ಎಂಬುದು ಸುಳ್ಳು. ಅಂದರೆ ಕ್ಯಾರಿಯರ್ ಇದೆ! ಯಾರೂ ಪರೀಕ್ಷೆ ಮಾಡಿಲ್ಲ, ಕೇಬಲ್ ಯಾರೂ ನೋಡಿಲ್ಲ, ಆದರೂ ಕರ್ನಲ್ ಸಿಗ್ನಲ್ ಇದೆ ಎಂದು ನಂಬಿಕೊಂಡೇ ಶುರುಮಾಡುತ್ತದೆ.

ಇದು ಬೇಕೆಂದೇ ಇಟ್ಟುಕೊಂಡ ನಂಬಿಕೆ. ಎಲ್ಲ ಡ್ರೈವರ್‌ಗಳೂ ಲಿಂಕ್ ವರದಿ ಮಾಡುವುದಿಲ್ಲ. ವರದಿ ಮಾಡದ ಡ್ರೈವರ್‌ನ ಇಂಟರ್‌ಫೇಸನ್ನು ‘ಇಲ್ಲ’ ಎಂದು ಇಟ್ಟರೆ ಅದರಲ್ಲಿ ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ. ‘ಇದೆ’ ಎಂದು ಇಟ್ಟರೆ ಕೆಲಸವಾದರೂ ನಡೆಯುತ್ತದೆ.

ಅದೇ ಕ್ಷಣದಲ್ಲಿ ಆಪರ್‌ಸ್ಟೇಟ್ ಏನಿರುತ್ತದೆ ಗೊತ್ತಾ? ‘ಅನ್‌ನೋನ್’. ಸರಿಯಾಗಿ ಬರೆದ ಡ್ರೈವರ್ ಇಂಟರ್‌ಫೇಸನ್ನು ನೋಂದಾಯಿಸುವ ಮೊದಲೇ ‘ಕ್ಯಾರಿಯರ್ ಆಫ್’ ಎಂದು ಕರ್ನಲ್‌ಗೆ ಹೇಳುತ್ತದೆ. ಆಗ ಸ್ಥಿತಿ ‘ಡೌನ್’ ಆಗಿ ಶುರುವಾಗುತ್ತದೆ. ಆಮೇಲೆ ಚಿಪ್‌ನಲ್ಲಿ ಸಿಗ್ನಲ್ ಕಂಡಾಗ ‘ಕ್ಯಾರಿಯರ್ ಆನ್’ ಎನ್ನುತ್ತದೆ, ಸ್ಥಿತಿ ‘ಅಪ್’ ಆಗುತ್ತದೆ. ಎಲ್ಲ ಸರಿ.

ಅರ್ಧ ಸರಿಯಾಗಿ ಬರೆದ ಡ್ರೈವರ್ ಏನು ಮಾಡುತ್ತದೆ? ಮೊದಲು ‘ಆಫ್’ ಹೇಳುವುದನ್ನು ಮರೆತು, ನೇರವಾಗಿ ‘ಆನ್’ ಹೇಳುತ್ತದೆ. ಕರ್ನಲ್ ಬಿಟ್ ನೋಡುತ್ತದೆ. ಅದು ಆಗಲೇ ಸೊನ್ನೆ. ಅಂದರೆ ಏನೂ ಬದಲಾಗಿಲ್ಲ. ಬದಲಾಗದಿದ್ದರೆ ಸುದ್ದಿಯೂ ಇಲ್ಲ, ಲೆಕ್ಕಾಚಾರವೂ ಇಲ್ಲ. ಆಪರ್‌ಸ್ಟೇಟ್ ‘ಅನ್‌ನೋನ್’ ಆಗಿಯೇ ಕೂತಿರುತ್ತದೆ. ಡೇಟಾ ಹೋಗುತ್ತದೆ, ಬರುತ್ತದೆ, ಸ್ಥಿತಿ ಮಾತ್ರ ಬದಲಾಗುವುದಿಲ್ಲ. ಒಂದು ಸಲ ಕೇಬಲ್ ಕಿತ್ತು ಮತ್ತೆ ಹಾಕಿದರೆ, ಡ್ರೈವರ್ ಆಗಲಾದರೂ ‘ಆಫ್’ ಮತ್ತು ‘ಆನ್’ ಹೇಳಿದರೆ, ಸ್ಥಿತಿ ಸರಿಯಾಗಿ ‘ಅಪ್’ ಆಗಿಬಿಡುತ್ತದೆ. ‘ಕೇಬಲ್ ಕಿತ್ತು ಮತ್ತೆ ಹಾಕಿದ ಮೇಲೆ ಸರಿಹೋಯಿತು’ ಅಂತ ಯಾರಾದರೂ ಹೇಳಿದರೆ ಕೇಬಲನ್ನು ದೂರುವ ಮೊದಲು ಹಿಂದೆ ಸ್ಥಿತಿ ‘ಅನ್‌ನೋನ್’ ಇತ್ತಾ ಅಂತ ಕೇಳಿ. ಇದ್ದಿದ್ದರೆ ತಪ್ಪು ಡ್ರೈವರ್‌ನಲ್ಲಿದೆ.

ಇದನ್ನು ನೀವೇ ಕಣ್ಣಾರೆ ನೋಡಬಹುದು, ಹಾರ್ಡ್‌ವೇರ್ ಏನೂ ಬೇಡ. ‘ಡಮ್ಮಿ’ ಬಗೆಯ ಒಂದು ಇಂಟರ್‌ಫೇಸ್ ಸೃಷ್ಟಿ ಮಾಡಿ ಚಾಲೂ ಮಾಡಿ. ಸ್ಥಿತಿ ‘ಅನ್‌ನೋನ್’ ಇರುತ್ತದೆ. ಈಗ ‘ಐಪಿ ಲಿಂಕ್ ಸೆಟ್’ ಕಮಾಂಡ್‌ನಲ್ಲೇ ಅದಕ್ಕೆ ‘ಕ್ಯಾರಿಯರ್ ಆಫ್’ ಕೊಡಿ. ಸ್ಥಿತಿ ‘ಡೌನ್’ ಆಗುತ್ತದೆ. ‘ಕ್ಯಾರಿಯರ್ ಆನ್’ ಕೊಡಿ. ಈ ಸಲ ‘ಅನ್‌ನೋನ್’ ಬರುವುದಿಲ್ಲ, ‘ಅಪ್’ ಬರುತ್ತದೆ. ನಿಮ್ಮ ಮಾನಿಟರಿಂಗ್ ಸ್ಕ್ರಿಪ್ಟ್ ಮೂರು ಸ್ಥಿತಿಗಳಲ್ಲೂ ಸರಿಯಾಗಿ ನಡೆದುಕೊಳ್ಳುತ್ತದೆಯೇ ಎಂದು ಪರೀಕ್ಷೆ ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಅನ್‌ನೋನ್ ಅಂದರೆ ಡೌನ್ ಅಲ್ಲ

ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕರ್ನಲ್‌ನ ದಾಖಲೆಯೇ ಹೇಳುತ್ತದೆ: ‘ಅನ್‌ನೋನ್’ ಸ್ಥಿತಿಯ ಇಂಟರ್‌ಫೇಸನ್ನು ಡೇಟಾ ಕಳಿಸಲು ಯೋಗ್ಯ ಎಂದೇ ಪರಿಗಣಿಸಬೇಕು, ಏಕೆಂದರೆ ಎಲ್ಲ ಡ್ರೈವರ್‌ಗಳಲ್ಲೂ ಸ್ಥಿತಿ ಹೇಳುವ ಏರ್ಪಾಡು ಇಲ್ಲ.

ನಿಮ್ಮ ಯಂತ್ರ ತನ್ನೊಂದಿಗೇ ಮಾತಾಡಲು ಬಳಸುವ ‘ಲೂಪ್‌ಬ್ಯಾಕ್’ ಇಂಟರ್‌ಫೇಸನ್ನೇ ನೋಡಿ. ಅದು ಯಾವತ್ತೂ ‘ಅನ್‌ನೋನ್’. ವೈರ್‌ಗಾರ್ಡ್ ಎಂಬ ವಿಪಿಎನ್‌ನ ಟನಲ್ ‘ಅನ್‌ನೋನ್’. ವಿಪಿಎನ್ ಪ್ರೋಗ್ರಾಂ ತೆರೆಯುವ ‘ಟನ್’ ಇಂಟರ್‌ಫೇಸ್ ಸಾಮಾನ್ಯವಾಗಿ ‘ಅನ್‌ನೋನ್’. ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡಿದಾಗ ಬರುವ ಇಂಟರ್‌ಫೇಸ್ ಕೂಡ ಎಷ್ಟೋ ಸಲ ‘ಅನ್‌ನೋನ್’. ಇವುಗಳಲ್ಲಿ ಯಾವುದೂ ಕೆಟ್ಟಿಲ್ಲ. ಸ್ಥಿತಿ ‘ಅಪ್’ ಇದ್ದರೆ ಮಾತ್ರ ಸರಿ ಎಂದು ಬರೆದ ಸ್ಕ್ರಿಪ್ಟ್ ಇವೆಲ್ಲವನ್ನೂ ಸತ್ತಿವೆ ಎಂದು ಹೇಳುತ್ತದೆ. ಪರೀಕ್ಷೆಯನ್ನು ತಿರುಗಿಸಿ ಬರೆಯಿರಿ: ‘ಅಪ್’ ಅಥವಾ ‘ಅನ್‌ನೋನ್’ ಇದ್ದು, ಫ್ಲ್ಯಾಗ್‌ಗಳಲ್ಲಿ ‘ಲೋಯರ್ ಅಪ್’ ಇದ್ದರೆ ಸರಿ.

ಮಾನಿಟರಿಂಗ್‌ನವರು ಬೀಳುವ ಇನ್ನೊಂದು ಗುಂಡಿ ಇದೆ. ಈ ಸ್ಥಿತಿಗಳ ಹೆಸರುಗಳು 2000ದ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 2863 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಲ್ಲಿ ಇರುವಂಥವು. ಆದರೆ ಅಲ್ಲಿಯ ಅಂಕಿಗಳೇ ಬೇರೆ, ಲಿನಕ್ಸ್ ಒಳಗಿನ ಅಂಕಿಗಳೇ ಬೇರೆ. ಆ ದಾಖಲೆಯ ಅಂಕಿಗಳನ್ನೇ ಬಳಸುವ, ಯಂತ್ರಗಳನ್ನು ದೂರದಿಂದ ಗಮನಿಸುವ ಎಸ್‌ಎನ್‌ಎಂಪಿಯಲ್ಲಿ 1 ಅಂದರೆ ‘ಅಪ್’, 6 ಅಂದರೆ ‘ನಾಟ್ ಪ್ರೆಸೆಂಟ್’. ಲಿನಕ್ಸ್ ಕರ್ನಲ್ ಒಳಗೆ 6 ಅಂದರೆ ‘ಅಪ್’, 1 ಅಂದರೆ ‘ನಾಟ್ ಪ್ರೆಸೆಂಟ್’. ನೋಡಿದಿರಾ, ಪೂರ್ತಿ ಉಲ್ಟಾ! ಎರಡು ಕಡೆಯಿಂದ ಅಂಕಿ ತಂದು ಒಂದೇ ಟೇಬಲ್‌ಗೆ ಹಾಕಿದರೆ ಚೆನ್ನಾಗಿ ನಡೆಯುತ್ತಿರುವ ಇಂಟರ್‌ಫೇಸ್ ಇಲ್ಲವೇ ಇಲ್ಲ ಎಂದು ಕಾಣಿಸುತ್ತದೆ. ಅಂಕಿಗಳನ್ನು ಬಿಟ್ಟು ಹೆಸರುಗಳನ್ನೇ ಹೋಲಿಸಿ.

ಉಳಿದ ಸ್ಥಿತಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ‘ಲೋಯರ್ ಲೇಯರ್ ಡೌನ್’ ಬಂದರೆ ಈ ಇಂಟರ್‌ಫೇಸ್ ಬೇರೊಂದರ ಮೇಲೆ ನಿಂತಿದೆ, ಆ ಬೇರೊಂದನ್ನು ನೋಡಿ. ಒಂದೇ ಕಾರ್ಡ್ ಮೇಲೆ ಬೇರೆ ನೆಟ್‌ವರ್ಕ್ ಮಾಡುವ ವಿಲ್ಯಾನ್‌ಗೆ ಅದರ ಮೂಲ ಇಂಟರ್‌ಫೇಸ್, ವರ್ಚುವಲ್ ಕೇಬಲ್‌ನಂಥ ‘ವೆತ್’ ಜೋಡಿಗೆ ಅದರ ಇನ್ನೊಂದು ತುದಿ. ‘ಡಾರ್ಮಂಟ್’ ಅಂದರೆ ಸಿಗ್ನಲ್ ಇದೆ, ಆದರೆ ಪಾಸ್‌ವರ್ಡ್ ಪರಿಶೀಲನೆಯಂಥ ಏನೋ ಬಾಕಿ ಇದೆ. ವೈಫೈ ಮತ್ತು 802.1ಎಕ್ಸ್ (ಪೋರ್ಟ್ ತೆರೆಯುವ ಮೊದಲು ಗುರುತು ಕೇಳುವ ವಿಧಾನ) ಬಳಸುವ ಕಡೆ ಇದು ಕಾಣುತ್ತದೆ. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಡಾಕರ್ ಹಾಕಿದ ಯಂತ್ರದಲ್ಲಿ, ಡಾಕರ್‌ನ ಬ್ರಿಡ್ಜ್ (ಸಾಫ್ಟ್‌ವೇರ್ ಸ್ವಿಚ್) ‘ನೋ ಕ್ಯಾರಿಯರ್’ ಅಂದರೆ ಆ ಬ್ರಿಡ್ಜ್‌ಗೆ ಸೇರಿದ ಕಂಟೇನರ್ ಯಾವುದೂ ನಡೆಯುತ್ತಿಲ್ಲ ಎಂದಷ್ಟೇ. ಬ್ರಿಡ್ಜ್‌ಗೆ ಸೇರಿದ ಪೋರ್ಟ್ ಒಂದಾದರೂ ಚಾಲ್ತಿಯಲ್ಲಿದ್ದರೆ ಮಾತ್ರ ಅದಕ್ಕೆ ಕ್ಯಾರಿಯರ್.

ದೀಪ ಉರಿಯುತ್ತಿದೆ, ಕರ್ನಲ್ ಮಾತ್ರ ಇಲ್ಲ ಅನ್ನುತ್ತಿದೆ

ಇಂಟರ್‌ಫೇಸ್ ಚಾಲೂ ಇದೆ, ಕಾದೂ ಆಯಿತು, ಆದರೂ ಕ್ಯಾರಿಯರ್ 0. ಈಗ ಚಿಪ್ ಮಟ್ಟಕ್ಕೆ ಇಳಿಯಬೇಕು.

ಪೋರ್ಟ್‌ನ ಹಿಂದೆ ‘ಫೈ’ ಎಂದು ಕರೆಯುವ ಚಿಪ್ ಇದೆ. ತಂತಿಯ ಮೇಲಿನ ಸಿಗ್ನಲ್ ಓದುವುದು ಅದರ ಕೆಲಸ. ದೀಪವನ್ನು ಸಾಮಾನ್ಯವಾಗಿ ಉರಿಸುವುದೂ ಅದೇ. ಹಾಗಾಗಿ ದೀಪ ಉರಿಯುತ್ತಿದ್ದರೆ ಚಿಪ್‌ಗೆ ಲಿಂಕ್ ಕಂಡಿದೆ, ಡ್ರೈವರ್‌ಗೆ ಆ ಸುದ್ದಿ ಬಂದಿಲ್ಲ ಎಂದು ಊಹಿಸಬಹುದು. ಸುದ್ದಿ ಹೋಗುವ ದಾರಿ ಎರಡು. ಚಿಪ್ ಇಂಟರಪ್ಟ್ ಕೊಟ್ಟು ತಾನೇ ಕರ್ನಲ್ಲನ್ನು ಕರೆಯುತ್ತದೆ, ಅಥವಾ ಕರ್ನಲ್ ಸೆಕೆಂಡಿಗೊಮ್ಮೆ ಚಿಪ್ಪನ್ನು ಕೇಳುತ್ತದೆ. ಹೊಸ ಬೋರ್ಡ್‌ಗಳಲ್ಲಿ ಇಂಟರಪ್ಟ್ ತಂತಿಯನ್ನು ಸರಿಯಾಗಿ ಜೋಡಿಸಿಲ್ಲದಿದ್ದರೆ, ಅಥವಾ ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಫೈಲ್) ತಪ್ಪು ಸಂಖ್ಯೆ ಬರೆದಿದ್ದರೆ ಚಿಪ್ ಎಷ್ಟು ಕೂಗಿದರೂ ಕರ್ನಲ್‌ಗೆ ಕೇಳಿಸುವುದಿಲ್ಲ. ಇಂಟರಪ್ಟ್ ವಿವರವನ್ನು ಡಿವೈಸ್ ಟ್ರೀಯಿಂದ ತೆಗೆದು, ಸೆಕೆಂಡಿಗೊಮ್ಮೆ ಕೇಳುವ ದಾರಿಗೆ ಬಿಟ್ಟು ನೋಡಿ. ಸರಿಹೋದರೆ ತಪ್ಪು ಸಿಕ್ಕಿತು.

ನೀವೇ ಚಿಪ್‌ನ ರಿಜಿಸ್ಟರ್ (ಚಿಪ್ ತನ್ನ ಸ್ಥಿತಿ ಬರೆದಿಡುವ ಪುಟ್ಟ ಜಾಗ) ಓದುವುದಾದರೆ ಒಂದು ಎಚ್ಚರಿಕೆ. ಲಿಂಕ್ ಸ್ಥಿತಿ ಇರುವುದು ಸ್ಟೇಟಸ್ ರಿಜಿಸ್ಟರ್, ಅಂದರೆ 1ನೇ ರಿಜಿಸ್ಟರ್‌ನ ಬಿಟ್ 2ರಲ್ಲಿ. ಲಿಂಕ್ ಒಂದು ಗಳಿಗೆ ಹೋಗಿ ಬಂದಿದ್ದರೂ ಯಾರಾದರೂ ಓದುವವರೆಗೆ ಆ ಬಿಟ್ 0 ಆಗಿಯೇ ನಿಂತಿರುತ್ತದೆ. ಮೊದಲ ಓದು ಹಿಂದಿನ ಕಥೆ, ಎರಡನೆಯ ಓದು ಈಗಿನ ಕಥೆ. ಈಗಿನ ಸ್ಥಿತಿ ಬೇಕಿದ್ದರೆ ಎರಡು ಸಲ ಓದಿ.

ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೆಜ್’ನಲ್ಲಿ ಏನು ಬಂದಿದೆ ನೋಡುವುದನ್ನು ಮರೆಯಬೇಡಿ. ಫೈ ಚಿಪ್ಪನ್ನು ಕರ್ನಲ್‌ನ ಸಾಮಾನ್ಯ ಲೈಬ್ರರಿ ನೋಡಿಕೊಳ್ಳುತ್ತಿದ್ದರೆ ‘ಲಿಂಕ್ ಈಸ್ ಅಪ್’ ಎಂಬ ಸಾಲು ವೇಗದ ಜೊತೆ ಬರುತ್ತದೆ. ‘ಡೌನ್‌ಶಿಫ್ಟ್’ ಎಂಬ ಪದ ಕಂಡರೆ ಗಿಗಾಬಿಟ್‌ಗೆ ಒಪ್ಪಿಕೊಂಡು ಕೊನೆಗೆ 100 ಮೆಗಾಬಿಟ್‌ಗೆ ಇಳಿದಿದೆ ಎಂದರ್ಥ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಆಗ ಕೇಬಲ್, ಕನೆಕ್ಟರ್ ಎರಡನ್ನೂ ನಿಜವಾಗಿಯೂ ಅನುಮಾನಿಸಿ. 2020ರಲ್ಲಿ ಬಂದ 5.8 ಕರ್ನಲ್‌ನಿಂದ ಈಚೆಗೆ, ಕಾರ್ಡ್‌ನ ವಿವರ ತೋರಿಸುವ ‘ಈಥ್‌ಟೂಲ್’ ಕಮಾಂಡ್‌ನಲ್ಲಿ ‘ಕೇಬಲ್ ಟೆಸ್ಟ್’ ಎಂಬ ಆಯ್ಕೆಯೂ ಇದೆ. ಚಿಪ್‌ಗೆ ಆ ಸಾಮರ್ಥ್ಯ ಇದ್ದರೆ ಯಾವ ಜೋಡಿ ಕಡಿದಿದೆ, ಎಷ್ಟು ದೂರದಲ್ಲಿ ಎಂದೂ ಹೇಳುತ್ತದೆ.

ಈಥ್‌ಟೂಲ್ ಬಗ್ಗೆ ಒಂದು ಮಾತು. ಅದು ‘ಲಿಂಕ್ ಡಿಟೆಕ್ಟೆಡ್’ ಎಂದು ತೋರಿಸುವುದನ್ನು ಕೆಲವರು ಚಿಪ್‌ನಿಂದ ನೇರ ಬಂದ ಸಾಕ್ಷಿ ಎಂದು ನಂಬುತ್ತಾರೆ. ಬಹಳಷ್ಟು ಡ್ರೈವರ್‌ಗಳಲ್ಲಿ ಅದು ಕರ್ನಲ್‌ನ ಅದೇ ಕ್ಯಾರಿಯರ್ ಬಿಟ್ಟನ್ನು ತಿರುಗಿ ಓದುತ್ತದೆ. ಹಾಗಾಗಿ ಐಪಿ ಮತ್ತು ಈಥ್‌ಟೂಲ್ ಎರಡೂ ಒಂದೇ ಮಾತು ಹೇಳಿದರೆ ಅದನ್ನು ಎರಡು ಸಾಕ್ಷಿ ಎಂದು ಎಣಿಸಬೇಡಿ.

ಕೇಬಲ್ ಕಿತ್ತರೂ ಅಪ್

ಇದರ ಕಾರಣಗಳು ಹೆಚ್ಚಾಗಿ ನೀವು ಯಾವ ಲಿಂಕ್ ನೋಡುತ್ತಿದ್ದೀರಿ ಎಂಬುದರಲ್ಲಿವೆ. ಮನೆಯ ರೌಟರ್‌ನಂಥ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನ ಈಥರ್ನೆಟ್ ನೇರವಾಗಿ ಹೊರಗಿನ ಪೋರ್ಟ್‌ಗೆ ಹೋಗುವುದಿಲ್ಲ. ಒಳಗೇ ಇರುವ ಸ್ವಿಚ್ ಚಿಪ್‌ಗೆ ಹೋಗುತ್ತದೆ. ಆ ಜೋಡಣೆಯನ್ನು ಡಿವೈಸ್ ಟ್ರೀಯಲ್ಲಿ ‘ಫಿಕ್ಸ್ಡ್ ಲಿಂಕ್’ ಎಂದು ಬರೆದಿರುತ್ತಾರೆ. ಅದು ಯಾವಾಗಲೂ ‘ಅಪ್’. ಹೊರಗಿನ ಕೇಬಲ್ ಬಗ್ಗೆ ತಿಳಿಯಬೇಕಾದರೆ ಸ್ವಿಚ್‌ನ ಒಂದೊಂದು ಪೋರ್ಟ್‌ಗೂ ಇರುವ ಬೇರೆ ಇಂಟರ್‌ಫೇಸ್ ನೋಡಬೇಕು.

ವರ್ಚುವಲ್ ಮೆಷಿನ್‌ನಲ್ಲೂ ಇದೇ ಥರ. ‘ವರ್ಟಿಯೋ’ ಎಂಬ ವರ್ಚುವಲ್ ಕಾರ್ಡ್‌ನಲ್ಲಿ ಲಿಂಕ್ ಸ್ಥಿತಿ ತಿಳಿಸುವ ಸೌಲಭ್ಯವನ್ನು ಹೋಸ್ಟ್, ಅಂದರೆ ವರ್ಚುವಲ್ ಮೆಷಿನನ್ನು ಓಡಿಸುವ ಯಂತ್ರ, ಕೊಡದಿದ್ದರೆ ಡ್ರೈವರ್ ಲಿಂಕ್ ಇದೆ ಎಂದೇ ಇಟ್ಟುಕೊಳ್ಳುತ್ತದೆ. ಸೌಲಭ್ಯ ಇದ್ದರೂ ಹೋಸ್ಟ್‌ನ ನಿಜವಾದ ಕೇಬಲ್ ಕಿತ್ತಾಗ ಒಳಗಿನ ಮೆಷಿನ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಅವೆರಡೂ ಬೇರೆ ಬೇರೆ ಲಿಂಕ್. ಪರೀಕ್ಷೆಗೆ, ವರ್ಚುವಲ್ ಮೆಷಿನ್‌ಗಳನ್ನು ನಿರ್ವಹಿಸುವ ‘ವರ್ಶ್’ ಕಮಾಂಡ್‌ನ ‘ಡೊಮಿಫ್ ಸೆಟ್‌ಲಿಂಕ್’ ಬಳಸಿ ಒಳಗಿನ ಲಿಂಕನ್ನು ಇಳಿಸಿ ನೋಡಿ.

ನಡುವೆ ತಾಮ್ರವನ್ನು ಫೈಬರ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಅಥವಾ ಇನ್ನೊಂದು ಸ್ವಿಚ್ ಇದ್ದರೆ ನಿಮ್ಮ ಕಾರ್ಡ್‌ಗೆ ಕಾಣುವುದು ಆ ಪೆಟ್ಟಿಗೆ ಮಾತ್ರ. ಅದರಾಚೆ ಫೈಬರ್ ಕಡಿದರೂ ಇಲ್ಲಿ ‘ಅಪ್’. ಬಾಂಡಿಂಗ್ ಮಾಡಿದವರು, ಅಂದರೆ ಹಲವು ಕಾರ್ಡ್‌ಗಳನ್ನು ಒಂದಾಗಿ ಕಟ್ಟಿದವರು, ಬರೀ ಕ್ಯಾರಿಯರ್ ನೋಡುವ ‘ಮಿಮಾನ್’ ಆಯ್ಕೆ ಬಿಟ್ಟು, ಆಚೆಯ ಯಂತ್ರಕ್ಕೆ ಎಆರ್‌ಪಿ ಪ್ರಶ್ನೆ ಕಳಿಸಿ ಉತ್ತರ ನೋಡುವ ಬಗೆಯನ್ನು ಆರಿಸಿಕೊಳ್ಳುವುದು ಇದಕ್ಕೇ.

ಪ್ರೋಗ್ರಾಂಗಳು ಸುದ್ದಿ ಕೇಳುವ ಬಗೆ

ಕರ್ನಲ್ ಸರಿ ಹೇಳುತ್ತಿದೆ, ಆದರೆ ನಿಮ್ಮ ಪ್ರೋಗ್ರಾಂಗೆ ಗೊತ್ತಾಗಿಲ್ಲ. ಈ ದೋಷ ಸೂಕ್ಷ್ಮ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕರ್ನಲ್ ‘ನೆಟ್‌ಲಿಂಕ್’ ಎಂಬ ಸಾಕೆಟ್ (ಪ್ರೋಗ್ರಾಂಗಳ ಜೊತೆ ಮಾತಾಡುವ ದಾರಿ) ಮೂಲಕ ಸುದ್ದಿ ಕಳಿಸುತ್ತದೆ. ಹೊಸ ಇಂಟರ್‌ಫೇಸ್ ಬಂದರೂ ‘ನ್ಯೂ ಲಿಂಕ್’ ಸಂದೇಶ, ಇರುವ ಇಂಟರ್‌ಫೇಸ್‌ನ ಸ್ಥಿತಿ ಬದಲಾದರೂ ಅದೇ ‘ನ್ಯೂ ಲಿಂಕ್’ ಸಂದೇಶ. ‘ಲಿಂಕ್ ಹೋಯಿತು’ ಎಂಬ ಬೇರೆ ಸಂದೇಶ ಇಲ್ಲ. ‘ಡೆಲ್ ಲಿಂಕ್’ ಬರುವುದು ಇಂಟರ್‌ಫೇಸೇ ಮಾಯವಾದಾಗ. ಆದ್ದರಿಂದ ಹಿಂದಿನ ಫ್ಲ್ಯಾಗ್‌ಗಳನ್ನು ನೆನಪಿಟ್ಟುಕೊಂಡು ಹೊಸದರ ಜೊತೆ ಹೋಲಿಸುವ ಕೆಲಸ ಪ್ರೋಗ್ರಾಂನದೇ. ಇದು ಗೊತ್ತಿಲ್ಲದೆ ಬರೆದ ಪ್ರೋಗ್ರಾಂ ಪ್ರತಿ ಸಂದೇಶಕ್ಕೂ ಹೊಸ ಕಾರ್ಡ್ ಬಂತು ಎಂದು ಎಲ್ಲವನ್ನೂ ಮೊದಲಿನಿಂದ ಸೆಟ್ ಮಾಡಲು ಹೊರಡುತ್ತದೆ.

ಇನ್ನೊಂದು, ಕ್ರಮ. ಮೊದಲು ಸುದ್ದಿಗೆ ಚಂದಾದಾರರಾಗಿ, ಆಮೇಲೆ ಇರುವ ಇಂಟರ್‌ಫೇಸ್‌ಗಳ ಪಟ್ಟಿ ಕೇಳಿ. ಉಲ್ಟಾ ಮಾಡಿದರೆ ಎರಡರ ನಡುವೆ ಬಂದ ಇಂಟರ್‌ಫೇಸ್ ತಪ್ಪಿಹೋಗುತ್ತದೆ. ಬೂಟ್ ಆಗುವಾಗ ಹತ್ತು ಸಲದಲ್ಲಿ ಒಮ್ಮೆ ಮಾತ್ರ ಕಾಣುವ ದೋಷ ಇದ್ದರೆ ಈ ಕ್ರಮವನ್ನು ಮೊದಲು ನೋಡಿ. ಸುದ್ದಿ ಜಾಸ್ತಿಯಾಗಿ ಸಾಕೆಟ್‌ನ ಬಫರ್ ತುಂಬಿದರೆ ಕರ್ನಲ್ ‘ನೋ ಬಫರ್ ಸ್ಪೇಸ್’ ಎಂಬ ತಪ್ಪು ಕೊಡುತ್ತದೆ. ಕೆಲವು ಸಂದೇಶ ಕಳೆದುಹೋಗಿವೆ ಎಂದು ಅದರ ಅರ್ಥ. ಆಗ ಪಟ್ಟಿಯನ್ನು ಪೂರ್ತಿ ಮತ್ತೆ ಕೇಳಲೇಬೇಕು.

ಹೆಸರನ್ನು ನಂಬಬೇಡಿ, ಇಂಟರ್‌ಫೇಸ್‌ನ ಕ್ರಮಸಂಖ್ಯೆಯನ್ನು ನಂಬಿ. ಹೊಸ ಕಾರ್ಡ್ ಬಂದಾಗ ಕರ್ನಲ್ ‘ಈಥ್0’ ಎಂಬಂಥ ಹೆಸರು ಕೊಡುತ್ತದೆ. ಕ್ಷಣದಲ್ಲೇ, ಹೊಸ ಸಾಧನಗಳನ್ನು ನೋಡಿಕೊಳ್ಳುವ ‘ಯೂದೇವ್’ ಎಂಬ ಪ್ರೋಗ್ರಾಂ ಅದನ್ನು ಕಾರ್ಡ್ ಕೂತ ಜಾಗಕ್ಕೆ ತಕ್ಕ ಹೆಸರಿಗೆ ಬದಲಿಸುತ್ತದೆ. ಹಳೆಯ ಹೆಸರು ಹಿಡಿದು ಹೊರಟ ಸ್ಕ್ರಿಪ್ಟ್‌ಗೆ ‘ಅಂಥ ಡಿವೈಸ್ ಇಲ್ಲ’ ಎಂಬ ಉತ್ತರ ಸಿಗುತ್ತದೆ. ಡಿಮೆಸೆಜ್‌ನಲ್ಲಿ ‘ರಿನೇಮ್ಡ್ ಫ್ರಮ್’ ಎಂದು ಹುಡುಕಿದರೆ ಇದು ಬಯಲಾಗುತ್ತದೆ.

ಈಗ ಆ ಎಣಿಕೆಯ ವಿಷಯ. ಕೆಟ್ಟ ಡ್ರೈವರ್ ಒಂದು ಸೆಕೆಂಡಿಗೆ ನೂರು ಸಲ ಆನ್, ಆಫ್ ಎಂದು ಕೂಗಿದರೆ ಎಲ್ಲ ಪ್ರೋಗ್ರಾಂಗಳೂ ಸುದ್ದಿಯಲ್ಲಿ ಮುಳುಗಿಹೋಗುತ್ತವೆ. ಅದಕ್ಕೆ ಕರ್ನಲ್‌ನ ‘ಲಿಂಕ್ ವಾಚ್’ ಎಂಬ ಭಾಗ ಸುದ್ದಿಯನ್ನು ಸೆಕೆಂಡಿಗೊಮ್ಮೆ ಎಂದು ಮಿತಗೊಳಿಸುತ್ತದೆ. ಹೊಸದಾಗಿ ಲಿಂಕ್ ಬಂದ ಸುದ್ದಿಯನ್ನು ಮಾತ್ರ ತಡಮಾಡದೆ ಕಳಿಸುತ್ತದೆ. ಇದರಿಂದ ಏನಾಗುತ್ತದೆಂದರೆ, ಲಿಂಕ್ ಒಂದು ಸೆಕೆಂಡಿನೊಳಗೆ ಹೋಗಿ ಬಂದರೆ ಈ ಸುದ್ದಿಗಳನ್ನು ಬಂದಂತೆ ತೋರಿಸುವ ‘ಐಪಿ ಮಾನಿಟರ್ ಲಿಂಕ್’ ಹಾಕಿಕೊಂಡು ಕೂತವರಿಗೆ ಅದು ಕಾಣದೇ ಹೋಗಬಹುದು. ಆದರೆ ‘ಕ್ಯಾರಿಯರ್ ಚೇಂಜಸ್’ ಎಣಿಕೆ ಡ್ರೈವರ್ ಹೇಳಿದ ಕೂಡಲೇ ಏರುತ್ತದೆ, ಅದಕ್ಕೆ ಈ ಮಿತಿ ಇಲ್ಲ. ಸುದ್ದಿ ಏನೂ ಇಲ್ಲದೆ ಎಣಿಕೆ ಮಾತ್ರ ಏರುತ್ತಿದ್ದರೆ ಲಿಂಕ್ ನಡುಗುತ್ತಿದೆ. ‘ಸುಮ್ನೆ ಆಗಾಗ ನಿಧಾನ ಆಗುತ್ತೆ’ ಎಂಬ ದೂರಿಗೆ ನಾನು ಮೊದಲು ನೋಡುವುದು ಈ ಫೈಲನ್ನೇ.

ಲಿನಕ್ಸ್ ಬಿಟ್ಟು ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದ್ದರೆ ಹೆಸರು ಬೇರೆ, ಕಥೆ ಇದೇ. ಅಲ್ಲಿ ಮೂರೇ ಸ್ಥಿತಿ: ಅನ್‌ನೋನ್, ಡೌನ್, ಅಪ್. ಅಲ್ಲೂ ಹೊಸ ಇಂಟರ್‌ಫೇಸ್ ಅನ್‌ನೋನ್‌ನಿಂದಲೇ ಶುರು. ಇಂಟರ್‌ಫೇಸ್ ಬಂದ ಸುದ್ದಿಗೂ ಸ್ಥಿತಿ ಬದಲಾದ ಸುದ್ದಿಗೂ ರೌಟಿಂಗ್ ಸಾಕೆಟ್‌ನಲ್ಲಿ ಬೇರೆ ಬೇರೆ ಸಂದೇಶ ಇರುವುದು ಪ್ರೋಗ್ರಾಂ ಬರೆಯುವವರಿಗೆ ಅನುಕೂಲ.

ಬೂಟ್ ಎರಡು ನಿಮಿಷ ನಿಲ್ಲುತ್ತಿದೆ

ಹೊಸ ಕಾರ್ಡ್ ಹಾಕಿದ ಮೇಲೆ ಬೂಟ್ ತುಂಬ ಹೊತ್ತು ನಿಂತು ಮುಂದೆ ಹೋದರೆ ‘ಸಿಸ್ಟಮ್‌ಡಿ ನೆಟ್‌ವರ್ಕ್‌ಡಿ ವೇಟ್ ಆನ್‌ಲೈನ್’ ಎಂಬ ಸರ್ವಿಸ್ ನೋಡಿ. ಅದು ತಾನು ನೋಡಿಕೊಳ್ಳುವ ಇಂಟರ್‌ಫೇಸ್‌ಗಳೆಲ್ಲ ಸಿದ್ಧವಾಗಲಿ ಎಂದು ಕಾಯುತ್ತದೆ, ಬೇರೆ ಹೇಳದಿದ್ದರೆ 120 ಸೆಕೆಂಡ್. ಎರಡು ಪೋರ್ಟ್‌ನ ಕಾರ್ಡ್‌ನಲ್ಲಿ ಒಂದಕ್ಕೆ ಕೇಬಲ್ ಹಾಕದಿದ್ದರೆ ಆ ಖಾಲಿ ಪೋರ್ಟ್‌ಗಾಗಿ ಕಾಯುತ್ತಾ ಕೂರುತ್ತದೆ. ‘ನೆಟ್‌ವರ್ಕ್‌ಸಿಟಿಎಲ್’ ಕೊಟ್ಟರೆ ‘ನೋ ಕ್ಯಾರಿಯರ್’ ಮತ್ತು ‘ಕಾನ್ಫಿಗರಿಂಗ್’ ಒಟ್ಟಿಗೆ ಇರುವ ಸಾಲು ಕಾಣುತ್ತದೆ. ಆ ಇಂಟರ್‌ಫೇಸ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ‘ರಿಕ್ವೈರ್ಡ್ ಫಾರ್ ಆನ್‌ಲೈನ್’ ಎಂಬುದಕ್ಕೆ ‘ನೋ’ ಕೊಡಿ. ಸರ್ವಿಸನ್ನೇ ಪೂರ್ತಿ ನಿಲ್ಲಿಸುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ನೆಟ್‌ವರ್ಕ್ ಡಿಸ್ಕ್ ಮೌಂಟ್ ಮಾಡುವಂಥ ಕೆಲಸಗಳು ಅದನ್ನು ನೆಚ್ಚಿಕೊಂಡಿರುತ್ತವೆ.

ಲಿಂಕ್ ‘ಅಪ್’ ಆಗಿದ್ದರೂ ಅರ್ಧ ನಿಮಿಷ ಐಪಿ ವಿಳಾಸ ಸಿಗದಿದ್ದರೆ ನಿಮ್ಮ ಯಂತ್ರದ ತಪ್ಪಿಲ್ಲದಿರಬಹುದು. ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಸುತ್ತುದಾರಿ ಆಗದಂತೆ ತಡೆಯುವ ಏರ್ಪಾಡು) ಹಾಕಿದ ಸ್ವಿಚ್ ಹೊಸ ಪೋರ್ಟ್‌ಗೆ 15 ಸೆಕೆಂಡ್ ಕೇಳುವುದು, 15 ಸೆಕೆಂಡ್ ಕಲಿಯುವುದು ಎಂದು ಒಟ್ಟು 30 ಸೆಕೆಂಡ್ ಡೇಟಾ ಬಿಡುವುದಿಲ್ಲ. ಸಿಗ್ನಲ್ ಇದೆ, ಕರ್ನಲ್ ಹೇಳಿದ್ದೂ ನಿಜ, ದಾರಿ ಮಾತ್ರ ತೆರೆದಿಲ್ಲ. ಸ್ವಿಚ್ ನೋಡಿಕೊಳ್ಳುವವರಿಗೆ ಆ ಪೋರ್ಟನ್ನು, ಹೀಗೆ ಕಾಯದೆ ತಕ್ಷಣ ತೆರೆಯುವ, ಎಡ್ಜ್ ಪೋರ್ಟ್ ಮಾಡಲು ಹೇಳಿ.

ಡ್ರೈವರ್‌ನಲ್ಲೇ ತಪ್ಪಿದೆ ಎಂದಾದರೆ

ದೂರು ಕೊಡುವ ಮುಂಚೆ ಸಾಕ್ಷಿ ಕೂಡಿಸಿ. ‘ಈಥ್‌ಟೂಲ್’ಗೆ ಚಿಕ್ಕ ‘ಐ’ ಆಯ್ಕೆ ಕೊಟ್ಟು ಡ್ರೈವರ್‌ನ ಹೆಸರು ಮತ್ತು ಫರ್ಮ್‌ವೇರ್ ಆವೃತ್ತಿ ತೆಗೆದುಕೊಳ್ಳಿ. ಕರ್ನಲ್ ಆವೃತ್ತಿ ಬರೆಯಿರಿ. ಒಂದು ಟರ್ಮಿನಲ್‌ನಲ್ಲಿ ಸಮಯದ ಗುರುತಿನೊಂದಿಗೆ ‘ಐಪಿ ಮಾನಿಟರ್ ಲಿಂಕ್’ ಓಡಿಸಿ. ಆಮೇಲೆ ಡ್ರೈವರ್ ಹೊಸದಾಗಿ ಲೋಡ್ ಮಾಡಿ, ಚಾಲೂ ಮಾಡಿ, ಕೇಬಲ್ ಕಿತ್ತು, ಹಾಕಿ. ಪ್ರತಿ ಹೆಜ್ಜೆಯಲ್ಲೂ ‘ಕ್ಯಾರಿಯರ್’, ‘ಆಪರ್‌ಸ್ಟೇಟ್’, ‘ಕ್ಯಾರಿಯರ್ ಚೇಂಜಸ್’ ಮೂರನ್ನೂ ಬರೆದುಕೊಳ್ಳಿ. ಕೇಬಲ್ ಮೊದಲೇ ಹಾಕಿ ಡ್ರೈವರ್ ಲೋಡ್ ಮಾಡಿದ್ದು ಬೇರೆ, ಕೇಬಲ್ ಇಲ್ಲದೆ ಲೋಡ್ ಮಾಡಿದ್ದು ಬೇರೆ. ಎರಡನ್ನೂ ಮಾಡಿ. ಕೇಬಲ್ ಇಲ್ಲದೆ ಲೋಡ್ ಮಾಡಿ ಚಾಲೂ ಮಾಡಿದಾಗ ಕ್ಯಾರಿಯರ್ 1, ಆಪರ್‌ಸ್ಟೇಟ್ ‘ಅನ್‌ನೋನ್’, ಬದಲಾವಣೆಯ ಎಣಿಕೆ 0 ಎಂದು ಬಂದರೆ ಡ್ರೈವರ್ ಶುರುವಿನಲ್ಲಿ ‘ಆಫ್’ ಹೇಳಿಲ್ಲ. ಡ್ರೈವರ್ ನೋಡಿಕೊಳ್ಳುವವರಿಗೆ ಆ ಮೂರು ಅಂಶ ಬರೆದು ಕಳಿಸಿ, ಯಾವ ಜಾಗದಲ್ಲಿ ಒಂದು ಸಾಲು ಸೇರಿಸಬೇಕು ಎಂದು ಅವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.